ತಮ್ಮ ಮೈಸೂರಲ್ಲಿ ಎಲೆಕ್ಟ್ರಾನಿಕ್ಸ್ ಇಂಜಿನಿಯರಿಂಗ್ ಸೇರಿದ್ದಾನೆ, ಕ್ಲಾಸಲ್ಲಿ ಲ್ಯಾಪ್‌ಟಾಪ್ ಬಳಸಬಹುದಾ?

ಕಾಲೇಜಿಗೆ ತಗೊಂಡು ಹೋಗಲಿ. ಪಾಠ ನಡೆಯುವಾಗ ಮಾತ್ರ ಅದು ಬ್ಯಾಗಿನಲ್ಲೇ ಇರಲಿ.

ನಾನು ಮಂಡ್ಯದ ಕಾಲೇಜೊಂದರಲ್ಲಿ ಇದೇ ವಿಷಯ ಪಾಠ ಮಾಡುತ್ತೇನೆ. ಬೋರ್ಡಿನ ಮೇಲೆ ಸರ್ಕ್ಯೂಟ್ ಬಿಡಿಸಿ ಲೂಪ್ ಈಕ್ವೇಶನ್ (ಸರ್ಕ್ಯೂಟಿನ ಒಂದು ಸುತ್ತಿನ ವೋಲ್ಟೇಜ್ ಲೆಕ್ಕ) ಶುರು ಮಾಡಿದ ಕೂಡಲೇ ಕೀಬೋರ್ಡ್ ಮುಂದೆ ಕೂತವರ ಕೈ ನಿಂತುಬಿಡುತ್ತದೆ. ರೆಸಿಸ್ಟರ್ ಚಿತ್ರ ಟೈಪ್ ಮಾಡೋಕಾಗಲ್ಲ ಅಲ್ವಾ? ಕೊನೆಗೆ ಬೋರ್ಡಿನ ಫೋಟೊ ಹೊಡೆದು ಸುಮ್ನೆ ಕೂರುತ್ತಾರೆ. ಪುಸ್ತಕದಲ್ಲಿ ಬರೆಯುವವರು ಕರೆಂಟಿನ ಬಾಣ ಯಾವ ಕಡೆಗೆ ಎಂದು ತಾವೇ ಎಳೆಯಬೇಕು. ಮೈನಸ್ ಎಲ್ಲಿಂದ ಬಂತು ಎಂಬ ಅನುಮಾನ ಅಲ್ಲೇ ಹುಟ್ಟುತ್ತದೆ, ಅಲ್ಲೇ ಕೇಳುತ್ತಾರೆ. ಫೋಟೊ ಹೊಡೆದವರು ಕೇಳಿದ್ದು ತುಂಬ ಕಡಿಮೆ.

ಕೈಬರಹವೇ ಮೇಲು ಎಂದು ತೋರಿಸಿದ ಅಮೆರಿಕದ ಅಧ್ಯಯನವೊಂದು 2014ರಲ್ಲಿ ಬಹಳ ಸುದ್ದಿಯಾಗಿತ್ತು. 2019ರಲ್ಲಿ ಬೇರೆಯವರು ಅದನ್ನು ಮತ್ತೆ ಮಾಡಿದಾಗ ವ್ಯತ್ಯಾಸ ಅಷ್ಟು ಸ್ಪಷ್ಟವಾಗಿ ಕಾಣಲಿಲ್ಲ. ಹಾಗಾಗಿ ಅದೊಂದನ್ನೇ ನಂಬಿ ನಾನು ಹೇಳುತ್ತಿಲ್ಲ.

ನನಗೆ ಜಾಸ್ತಿ ಚಿಂತೆ ಹಿಂದಿನ ಬೆಂಚಿನವರದು. 2013ರಲ್ಲಿ ಕೆನಡಾದಲ್ಲಿ ನಡೆದ ಪ್ರಯೋಗದಲ್ಲಿ ಕೆಲವರು ಪೆನ್ನಿನಲ್ಲೇ ನೋಟ್ಸ್ ಬರೆಯುತ್ತಿದ್ದರು. ಎದುರಿನವರು ಪಾಠ ಬಿಟ್ಟು ಲ್ಯಾಪ್‌ಟಾಪಿನಲ್ಲಿ ಬೇರೆ ಏನೇನೋ ನೋಡುತ್ತಿದ್ದರು. ಆ ಸ್ಕ್ರೀನ್ ಕಣ್ಣಿಗೆ ಬೀಳುತ್ತಿದ್ದವರ ಅಂಕವೂ ಇಳಿಯಿತು. ಒಬ್ಬ ಹುಡುಗ ಕ್ರಿಕೆಟ್ ಸ್ಕೋರ್ ತೆರೆದರೆ ಹಿಂದಿನ ಎರಡು ಸಾಲಿನವರಿಗೆ ಪಾಠ ತಪ್ಪಿಹೋಗುತ್ತದೆ. ಹಳ್ಳಿಯಿಂದ ಬೆಳಗಿನ ಬಸ್ಸು ಹಿಡಿದು ಬಂದ ಹುಡುಗಿಯೊಬ್ಬಳು ಆ ಸಾಲಿನಲ್ಲೇ ಕೂತಿರುತ್ತಾಳೆ. ಇದು ನನಗೆ ನಿಜವಾಗಲೂ ನೋವು ಕೊಡುತ್ತದೆ.

ಪರೀಕ್ಷೆಯೂ ನೆನಪಿರಲಿ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಥಿಯರಿ ಪೇಪರ್ 3 ಗಂಟೆ ಕೈಯಲ್ಲೇ ಬರೆಯುವುದು. ಇಡೀ ಸೆಮಿಸ್ಟರ್ ಪೆನ್ ಮುಟ್ಟದವರಿಗೆ ಕೈ ಓಡುವುದಿಲ್ಲ.

ಕಣ್ಣು ಕಾಣದ ವಿದ್ಯಾರ್ಥಿಗಳ ಮಾತು ಬೇರೆ. ಸ್ಕ್ರೀನಿನಲ್ಲಿರುವುದನ್ನು ಓದಿ ಹೇಳುವ ಎನ್‌ವಿಡಿಎ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಅಂಥವರಿಗೆ ಲ್ಯಾಪ್‌ಟಾಪೇ ಪುಸ್ತಕ, ಅದನ್ನು ಮುಚ್ಚಿಸುವ ಹಕ್ಕು ಯಾವ ಮೇಷ್ಟ್ರಿಗೂ ಇಲ್ಲ. ಲ್ಯಾಬಿನಲ್ಲಂತೂ ಎಲ್ಲರಿಗೂ ಬೇಕು.

ನಿಮ್ಮ ತಮ್ಮನಿಗೆ ಇದೊಂದು ಹೇಳಿ: ಸರ್ಕ್ಯೂಟನ್ನು ಕಂಪ್ಯೂಟರಿನಲ್ಲೇ ಓಡಿಸಿ ನೋಡುವ ಎಲ್‌ಟಿಸ್ಪೈಸ್ ತಂತ್ರಾಂಶ ಹಾಕಿಕೊಳ್ಳಲಿ, ಅದಕ್ಕೂ ದುಡ್ಡು ಕೊಡಬೇಕಿಲ್ಲ. ಕ್ಲಾಸಲ್ಲಿ ಬರೆದುಕೊಂಡ ಸರ್ಕ್ಯೂಟನ್ನು ಅದೇ ದಿನ ರಾತ್ರಿ ಅದರಲ್ಲಿ ಓಡಿಸಿ ನೋಡಲಿ. ಬೋರ್ಡಿನ ಉತ್ತರಕ್ಕೆ ತಾಳೆಯಾಗದಿದ್ದರೆ ಮಾರನೇ ದಿನ ನೋಟ್‌ಬುಕ್ ಹಿಡಿದು ಮೇಷ್ಟ್ರ ಹತ್ತಿರ ಹೋಗಲಿ.