ಓದುಗರ ಪ್ರಶ್ನೆ, ನಮ್ಮ ಉತ್ತರ: ಊರಲ್ಲಿದ್ದೇ ಹವಾಮಾನ ಯೋಜನೆ ಓದುವುದು ಹೇಗೆ?

ಪ್ರಶ್ನೆ: ಬಿ.ಎಸ್ಸಿ ಮುಗಿಸಿ ರಾಣೆಬೆನ್ನೂರಿನ ಬೀಜದ ಅಂಗಡಿಯಲ್ಲಿ ಕೆಲಸಕ್ಕಿದ್ದೇನೆ. ಹವಾಮಾನ ಬದಲಾವಣೆ ಕುರಿತ ಆನ್‌ಲೈನ್ ಸ್ನಾತಕೋತ್ತರ ಕೋರ್ಸಿನ ಜಾಹೀರಾತು ವಾಟ್ಸ್‌ಆ್ಯಪ್‌ನಲ್ಲಿ ಬಂದಿದೆ. ‘ಯುಜಿಸಿ ಮಾನ್ಯತೆ ಇದೆ, ಈ ವಾರವೇ ಶುಲ್ಕ ಕಟ್ಟಿ’ ಎನ್ನುತ್ತಾರೆ. ಕಟ್ಟಲೇ?
– ಓದುಗರು, ರಾಣೆಬೆನ್ನೂರು

ಉತ್ತರ: ಈಗಲೇ ಕಟ್ಟಬೇಡಿ. ವಿಶ್ವವಿದ್ಯಾಲಯಕ್ಕೆ ಮಾನ್ಯತೆ ಇರುವುದು ಬೇರೆ, ಆ ಕೋರ್ಸನ್ನು ಆನ್‌ಲೈನ್‌ನಲ್ಲಿ ನಡೆಸಲು ಅನುಮತಿ ಇರುವುದು ಬೇರೆ. ಜಾಹೀರಾತುಗಳು ಮೊದಲನೆಯದನ್ನು ತೋರಿಸಿ ಎರಡನೆಯದೂ ಇದೆ ಎಂಬಂತೆ ನಂಬಿಸುತ್ತವೆ. ಯುಜಿಸಿಯ ದೂರಶಿಕ್ಷಣ ಬ್ಯೂರೊ, ಅಂದರೆ ಡೆಬ್, ತನ್ನ ಜಾಲತಾಣದಲ್ಲಿ ಅನುಮತಿ ಪಡೆದ ಕೋರ್ಸುಗಳ ಪಟ್ಟಿ ಹಾಕುತ್ತದೆ. ಅದರಲ್ಲಿ ವಿಶ್ವವಿದ್ಯಾಲಯ, ಕೋರ್ಸಿನ ಹೆಸರು, ನೀವು ಸೇರುವ ಅವಧಿ ಮೂರೂ ತಾಳೆಯಾಗಬೇಕು. ತಾಳೆಯಾದರೆ ಆ ಪದವಿ ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮ. 2020ರ ಯುಜಿಸಿ ನಿಯಮಾವಳಿ ಹೇಳುವುದೇ ಇದನ್ನು. ಎಂಜಿನಿಯರಿಂಗ್, ಆರ್ಕಿಟೆಕ್ಚರ್, ಕೃಷಿ, ತೋಟಗಾರಿಕೆ ಪದವಿಗಳನ್ನು ಆನ್‌ಲೈನ್‌ನಲ್ಲಿ ಕೊಡುವಂತಿಲ್ಲ. ಮಧ್ಯವರ್ತಿ ಸಂಸ್ಥೆಗೆ ಫ್ರಾಂಚೈಸಿ ಕೊಟ್ಟು ಕೋರ್ಸ್ ನಡೆಸುವುದಕ್ಕೂ ಅವಕಾಶವಿಲ್ಲ. ಹಾಗಾಗಿ ಶುಲ್ಕ ವಿಶ್ವವಿದ್ಯಾಲಯದ ಖಾತೆಗೇ ಹೋಗಬೇಕು, ಏಜೆಂಟರ ಫೋನ್ ನಂಬರಿಗಲ್ಲ.

ಪ್ರವೇಶಕ್ಕೆ ಡೆಬ್ ಐಡಿ ಬೇಕು, ಅದಕ್ಕೂ ಮೊದಲು ಎಬಿಸಿ ಐಡಿ, ಅಂದರೆ ನೀವು ಗಳಿಸಿದ ಕ್ರೆಡಿಟ್‌ಗಳು ಜಮಾ ಆಗುವ ಖಾತೆಯ ಸಂಖ್ಯೆ. ನಮ್ಮ ಭಾಗದವರು ಹೆಸರು ತಾಳೆಯಾಗದೆ ಎಡವುವುದು ಇಲ್ಲೇ: ಅಂಕಪಟ್ಟಿಯಲ್ಲಿ ಹೆಸರಿನ ಜೊತೆ ಬರೀ ಇನಿಷಿಯಲ್, ಆಧಾರ್‌ನಲ್ಲಿ ತಂದೆಯ ಹೆಸರು, ಅಡ್ಡಹೆಸರು ಎಲ್ಲ ಪೂರ್ತಿ. ಇದನ್ನು ಪ್ರವೇಶದ ಕೊನೆಯ ವಾರಕ್ಕೆ ಬಿಡದೆ ಈಗಲೇ ಸರಿಪಡಿಸಿಕೊಳ್ಳಿ.

ಕೆಲಸ ಬಿಡದೆ ಓದುವವರಿಗೆ ಇಗ್ನೋದ ಸ್ನಾತಕೋತ್ತರ ಡಿಪ್ಲೊಮಾಗಳನ್ನು ಮೊದಲು ನೋಡಿ ಎನ್ನುತ್ತೇವೆ. ವಿಪತ್ತು ನಿರ್ವಹಣೆ ಒಂದು, ಪರಿಸರ ಮತ್ತು ಸುಸ್ಥಿರ ಅಭಿವೃದ್ಧಿ ಇನ್ನೊಂದು. ಪರೀಕ್ಷೆ ಜೂನ್ ಮತ್ತು ಡಿಸೆಂಬರ್‌ನಲ್ಲಿ. ಅಸೈನ್‌ಮೆಂಟ್ ಗಡುವಿನೊಳಗೆ ಕೊಡದಿದ್ದರೆ ಪರೀಕ್ಷೆ ಬರೆದೂ ಕೋರ್ಸ್ ಮುಗಿಯುವುದಿಲ್ಲ.

ಪ್ರಶ್ನೆ: ನಮ್ಮೂರಾಗ ನೆಟ್‌ವರ್ಕ್ ಸರಿಯಾಗಿ ಬರೂದಿಲ್ರಿ, ಇರೂದು ಒಂದ ಫೋನ್. ಇಂಗ್ಲಿಷೂ ಅಷ್ಟಕ್ಕಷ್ಟೆ. ಎನ್‌ಪಿಟಿಇಎಲ್ ಕೋರ್ಸ್ ಮಾಡಾಕ ಆಗ್ತೈತೇನ್ರಿ?
– ಓದುಗರು, ರೋಣ ತಾಲ್ಲೂಕು

ಉತ್ತರ: ಎನ್‌ಪಿಟಿಇಎಲ್ ಎಂದರೆ ಐಐಟಿಗಳು ಮತ್ತು ಐಐಎಸ್‌ಸಿ ನಡೆಸುವ ಆನ್‌ಲೈನ್ ಕೋರ್ಸುಗಳ ವೇದಿಕೆ. ಆಗುತ್ತದೆ, ಡೇಟಾದ ಲೆಕ್ಕ ಹಾಕಿಕೊಂಡು ಹೊರಡಿ. 12 ವಾರದ ಕೋರ್ಸೆಂದರೆ ವಾರಕ್ಕೆ ಎರಡೂವರೆ ತಾಸು, ಒಟ್ಟು 30 ತಾಸಿನ ಪಾಠ. ವಿಡಿಯೊವನ್ನು 360ಪಿ ಗುಣಮಟ್ಟಕ್ಕೆ ಇಳಿಸಿದರೆ ತಾಸಿಗೆ 300 ಎಂಬಿ ಹಿಡಿಯಿರಿ, ಪೂರ್ತಿ ಕೋರ್ಸಿಗೆ 9 ಜಿಬಿ ಸಾಕು. ಮನೆಯಲ್ಲಿ ನೋಡುತ್ತ ಕೂರುವ ಬದಲು ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲೋ ಪೇಟೆಗೆ ಹೋದಾಗಲೋ ವಾರದ ಪಾಠವನ್ನು ಇಳಿಸಿಕೊಳ್ಳಿ. ಪಾಠದ ಪಠ್ಯವೂ ಸಿಗುತ್ತದೆ. ಕೆಲವು ಕೋರ್ಸುಗಳಿಗೆ ಕನ್ನಡ ಅನುವಾದವೂ ಇದೆ, ಸೇರುವ ಮೊದಲೇ ಹುಡುಕಿ ನೋಡಿ. ಮೊದಲ ಸಲಕ್ಕೆ 4 ಅಥವಾ 8 ವಾರದ್ದನ್ನೇ ಆರಿಸಿಕೊಳ್ಳಿ.

ಕಲಿಯಲು ಹೆಸರು ನೋಂದಾಯಿಸುವುದು ಉಚಿತ. ಪರೀಕ್ಷೆಗೆ ಬೇರೆಯೇ ನೋಂದಣಿ ಮಾಡಿ 1,000 ರೂಪಾಯಿ ಕಟ್ಟಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಮತ್ತು ಅಂಗವಿಕಲರಿಗೆ ಅರ್ಧ ಶುಲ್ಕ. ಮೊದಲ ನೋಂದಣಿಯಲ್ಲೇ ಎಲ್ಲ ಮುಗಿಯಿತೆಂದು ತಿಳಿದು ಪಾಠವೆಲ್ಲ ಕೇಳಿಯೂ ಪ್ರಮಾಣಪತ್ರ ಕಳೆದುಕೊಳ್ಳುವವರು ಬಹಳ. ಅಸೈನ್‌ಮೆಂಟಿಗೆ 25, ಪರೀಕ್ಷೆಗೆ 75 ಅಂಕ. ಪಾಸಾಗಲು ಅಸೈನ್‌ಮೆಂಟಿನಲ್ಲಿ 10, ಪರೀಕ್ಷೆಯಲ್ಲಿ 30 ಎರಡೂ ಬರಬೇಕು, ಒಂದರ ಕೊರತೆಯನ್ನು ಇನ್ನೊಂದು ತುಂಬುವುದಿಲ್ಲ. 12 ವಾರದ ಕೋರ್ಸಿನಲ್ಲಿ ಚೆನ್ನಾಗಿ ಬಂದ 8 ಅಸೈನ್‌ಮೆಂಟ್ ಮಾತ್ರ ಲೆಕ್ಕಕ್ಕೆ, ಆದ್ದರಿಂದ ಮಳೆಗಾಲದಲ್ಲಿ ಒಂದೆರಡು ವಾರ ನೆಟ್ ಕೈಕೊಟ್ಟರೂ ಎದೆಗುಂದಬೇಡಿ. ಪರೀಕ್ಷೆಯನ್ನು ಮಾತ್ರ ಕೇಂದ್ರಕ್ಕೆ ಹೋಗಿ ಕಂಪ್ಯೂಟರ್ ಮುಂದೆ ಕೂತು ಬರೆಯಬೇಕು. ಫಾರ್ಮ್ ಬೇಗ ತುಂಬಿ, ಹತ್ತಿರದ ಊರು ಆರಿಸಿಕೊಳ್ಳಿ.

ಪ್ರಶ್ನೆ: ಪಂಚಾಯಿತಿ ಕಾಮಗಾರಿಗಳ ಕೆಲಸ ಮಾಡುವ ಡಿಪ್ಲೊಮಾ ಎಂಜಿನಿಯರ್ ನಾನು. ಬೆಣ್ಣೆಹಳ್ಳದ ನೆರೆಗೆ ನಮ್ಮ ಪಂಚಾಯಿತಿಯ ಯಾವ ಯಾವ ಹೊಲ, ಓಣಿ ಸಿಗುತ್ತವೆ ಎಂಬ ನಕ್ಷೆ ನಾನೇ ಮಾಡಬೇಕು. ಏನು ಕಲಿಯಲಿ?
– ಓದುಗರು, ನವಲಗುಂದ ತಾಲ್ಲೂಕು

ಉತ್ತರ: ಆನ್‌ಲೈನ್ ಓದು ನಿಜವಾಗಿ ಕೈಹಿಡಿಯುವುದು ಇಂಥ ಕೆಲಸಕ್ಕೆ. ಇಸ್ರೋದ ಡೆಹ್ರಾಡೂನ್ ಸಂಸ್ಥೆ ಐಐಆರ್‌ಎಸ್ ದೂರಸಂವೇದಿ (ಉಪಗ್ರಹ ಚಿತ್ರಗಳಿಂದ ನೆಲವನ್ನು ಓದುವುದು) ಮತ್ತು ಜಿಐಎಸ್ (ಕಂಪ್ಯೂಟರಿನಲ್ಲಿ ನಕ್ಷೆ ಮಾಡುವುದು) ಕೋರ್ಸುಗಳನ್ನು ಉಚಿತವಾಗಿ ನಡೆಸುತ್ತದೆ, ಹಾಜರಾತಿ ಶೇ 70 ಇದ್ದರೆ ಪ್ರಮಾಣಪತ್ರ. ಜೊತೆಗೆ ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶ ಹಾಕಿಕೊಳ್ಳಿ, ಅದೂ ಉಚಿತ. ಇವೆರಡು ಕೈಗೆ ಹತ್ತಿದ ಮೇಲೆ ಜಲವಿಜ್ಞಾನದ ಒಂದು ಎನ್‌ಪಿಟಿಇಎಲ್ ಕೋರ್ಸ್ ಮಾಡಿ.

ಕೋರ್ಸಿನ ಉದಾಹರಣೆಯಲ್ಲಿ ಸಲೀಸಾಗಿ ಬಂದದ್ದು ನಿಮ್ಮ ಎರೆ ಬಯಲಿನಲ್ಲಿ ಬರುವುದಿಲ್ಲ. ಉಚಿತವಾಗಿ ಸಿಗುವ, 30 ಮೀಟರಿಗೊಂದರಂತೆ ನೆಲದ ಎತ್ತರ ತೋರಿಸುವ ನಕ್ಷೆಯಲ್ಲಿ ಕೆಲವು ಮೀಟರ್ ತಪ್ಪು ಇದ್ದದ್ದೇ. ಗುಡ್ಡಗಾಡಿನಲ್ಲಿ ಅದು ನಡೆಯುತ್ತದೆ. ನವಲಗುಂದದಂಥ ಸಪಾಟು ನೆಲದಲ್ಲಿ ಆ ತಪ್ಪು ನೆಲದ ಇಳಿಜಾರಿಗಿಂತ ದೊಡ್ಡದಾಗಿ, ಕಂಪ್ಯೂಟರ್ ಹಳ್ಳವನ್ನು ಯಾರದೋ ಹೊಲದ ನಡುವೆ ಹರಿಸಿಬಿಡುತ್ತದೆ. 2009ರಲ್ಲಿ, 2019ರಲ್ಲಿ ನೀರು ಎಲ್ಲಿಯವರೆಗೆ ನಿಂತಿತ್ತು ಎಂದು ಶಾಲೆಯ ಗೋಡೆ, ಗುಡಿಯ ಮೆಟ್ಟಿಲುಗಳಲ್ಲಿ ಹಿರಿಯರಿಂದ ಗುರುತು ಹಾಕಿಸಿಕೊಳ್ಳಿ. ಎತ್ತರ ಅಳೆಯುವ ಡಂಪಿ ಲೆವೆಲ್ ಹಿಡಿದು ಅವನ್ನೆಲ್ಲ ಒಂದೇ ಬೆಂಚ್‌ಮಾರ್ಕಿಗೆ (ಎತ್ತರ ಗೊತ್ತಿರುವ ಸ್ಥಿರ ಗುರುತಿಗೆ) ಜೋಡಿಸಿ. ನಿಮ್ಮ ನಕ್ಷೆಗೆ ಬೆನ್ನೆಲುಬು ಈ ಗುರುತುಗಳೇ.

ಮೋಡ ಕವಿದಾಗಲೂ ನೆಲ ಕಾಣುವುದು ಯುರೋಪಿನ ಸೆಂಟಿನೆಲ್-1 ಉಪಗ್ರಹಗಳ ರೇಡಾರ್ ಚಿತ್ರದಲ್ಲಿ. ನಿಂತ ನೀರು ಅದರಲ್ಲಿ ಕಪ್ಪಗೆ ಕಾಣುತ್ತದೆ. ನೆರೆಗೆ ಮುಂಚಿನ ಚಿತ್ರವನ್ನು ಪಕ್ಕದಲ್ಲಿಟ್ಟೇ ನೋಡಿ, ಇಲ್ಲವಾದರೆ ಕೆರೆಯೂ ಸಪಾಟು ಬರಿನೆಲವೂ ನೆರೆಯ ಲೆಕ್ಕಕ್ಕೆ ಸೇರುತ್ತವೆ. ಎತ್ತರಕ್ಕೆ ಬೆಳೆದ ಗೋವಿನಜೋಳದ ಬುಡದಲ್ಲಿ ನೀರಿದ್ದರೆ ಕಪ್ಪಗೆ ಕಾಣದೆ ತಪ್ಪಿಹೋಗಬಹುದು. ಒಂದು ಉಪಗ್ರಹ ಅದೇ ಕಕ್ಷೆಗೆ ಮರಳಲು 12 ದಿನ ಬೇಕು. ಮಲಪ್ರಭೆಯ ನೀರು ದಿನಗಟ್ಟಲೆ ನಿಂತಾಗ ಚಿತ್ರ ಸಿಕ್ಕೀತು, ರಾತ್ರಿ ಏರಿ ಮರುದಿನ ಇಳಿಯುವ ಹಳ್ಳದ ನೆರೆ ಸಿಗುವುದು ಅಪರೂಪ. ಚಿತ್ರದಲ್ಲಿಲ್ಲ ಎಂದು ಆ ಓಣಿಯನ್ನು ಸುರಕ್ಷಿತ ಎಂದು ಬರೆಯಬೇಡಿ.

ಹರಿಯುವ ನೀರಿನ ಲೆಕ್ಕಕ್ಕೂ ಒಂದು ಮಾತು. ಒಂದು ಹೆಕ್ಟೇರಿನ ಮೇಲೆ 1 ಮಿ.ಮೀ ಮಳೆ ಎಂದರೆ 10,000 ಲೀಟರ್. 100 ಹೆಕ್ಟೇರಿಗೆ 100 ಮಿ.ಮೀ ಬಿದ್ದರೆ 10 ಕೋಟಿ ಲೀಟರ್. ಇದರಲ್ಲಿ ಎಷ್ಟು ಹಳ್ಳಕ್ಕೆ ಬರುತ್ತದೆ ಎಂಬುದು ತಿಂಗಳಿನ ಮೇಲೆ ನಿಂತಿದೆ. ಬೇಸಿಗೆಯಲ್ಲಿ ಬಿರಿದ ಎರೆ ಮೊದಲ ಮಳೆಯನ್ನು ಬಿರುಕುಗಳಲ್ಲಿ ನುಂಗುತ್ತದೆ. ಹದವಾಗಿ ಉಬ್ಬಿ ಬಿರುಕು ಮುಚ್ಚಿದ ಮೇಲೆ ಬಿದ್ದದ್ದರಲ್ಲಿ ಬಹುಪಾಲು ಹರಿದೇ ಹೋಗುತ್ತದೆ. ಮಳೆಯಲ್ಲಿ ಎಷ್ಟು ಹರಿದುಹೋಗುತ್ತದೆಂದು ಅಂದಾಜಿಸುವ ಕರ್ವ್ ನಂಬರ್ ವಿಧಾನದಲ್ಲಿ ಹಿಂದಿನ 5 ದಿನಗಳ ಮಳೆ ನೋಡಿ ಒಣ, ನಡು, ಹಸಿ ಎಂಬ ಮೂರರಲ್ಲಿ ನೆಲದ ಸ್ಥಿತಿ ಆರಿಸಬೇಕು ಎನ್ನುವುದು ಇದಕ್ಕಾಗಿಯೇ. ಹೊಸಬರು ಯಾವಾಗಲೂ ನಡುವಿನ ಸ್ಥಿತಿಯನ್ನೇ ಹಿಡಿದು ಆಗಸ್ಟ್, ಸೆಪ್ಟೆಂಬರಿನ ಲೆಕ್ಕ ಕಡಿಮೆ ಮಾಡಿಬಿಡುತ್ತಾರೆ. ಸಿಡಿ (ರಸ್ತೆಗೆ ಅಡ್ಡ ಹರಿಯುವ ನೀರಿಗೆ ಕಟ್ಟುವ ಕಿರುಸೇತುವೆ), ಮೋರಿ ಸಣ್ಣದಾಗುವುದೂ ಹೀಗೆಯೇ. ವಾರ್ಷಿಕ ಸರಾಸರಿ ಇಲ್ಲಿ ಕೆಲಸಕ್ಕೆ ಬಾರದು, ಹವಾಮಾನ ಇಲಾಖೆಯ ದಿನವಾರು ಮಳೆ ಅಂಕಿಗಳನ್ನೇ ತೆಗೆದುಕೊಳ್ಳಿ.

ಪ್ರಶ್ನೆ: ಪದವಿ ಕಾಲೇಜಿನ ಭೂಗೋಳ ಅಧ್ಯಾಪಕಿ. ವಿದ್ಯಾರ್ಥಿಗಳು ಕೇಂದ್ರ ಸರ್ಕಾರದ ಆನ್‌ಲೈನ್ ಕಲಿಕೆಯ ಜಾಲತಾಣ ‘ಸ್ವಯಂ’ನಲ್ಲಿ ಮಾಡುವ ಕೋರ್ಸನ್ನು ಪದವಿಯ ಕ್ರೆಡಿಟ್ಟಿಗೆ ಸೇರಿಸಬಹುದೇ?
– ಓದುಗರು, ಹಾವೇರಿ

ಉತ್ತರ: ಸೇರಿಸಬಹುದು. 2021ರ ಯುಜಿಸಿ ನಿಯಮದಂತೆ ಒಂದು ಸೆಮಿಸ್ಟರಿನ ಕೋರ್ಸುಗಳಲ್ಲಿ ಶೇ 40ರವರೆಗೆ ಸ್ವಯಂ ಮೂಲಕ ಮಾಡಲು ಅವಕಾಶ ಕೊಡಬಹುದು. ಆದರೆ ಯಾವ ಕೋರ್ಸು, ಯಾವ ಪತ್ರಿಕೆಗೆ ಬದಲಿ ಎಂಬುದನ್ನು ನಿಮ್ಮ ವಿಶ್ವವಿದ್ಯಾಲಯ ಮೊದಲೇ ಒಪ್ಪಿರಬೇಕು. ಮಕ್ಕಳು ಕೋರ್ಸ್ ಮುಗಿಸಿದ ಮೇಲೆ ಅರ್ಜಿ ಹಾಕಿದರೆ ತಿರುಗಾಟವೇ ಆದೀತು. ಸೆಮಿಸ್ಟರಿಗೆ ಮುಂಚೆ ಪಟ್ಟಿಗೆ ಲಿಖಿತ ಒಪ್ಪಿಗೆ ಪಡೆಯಿರಿ, ಸ್ವಯಂ ಫಲಿತಾಂಶ ನಿಮ್ಮ ಅಂಕಪಟ್ಟಿಗಿಂತ ತಡವಾಗಿ ಬಂದರೆ ಏನು ಮಾಡುವುದೆಂದು ಅದರಲ್ಲೇ ಬರೆಸಿಕೊಳ್ಳಿ.