ಕಲಾವಿದರು ಬದಲಾದರೂ ಬ್ಲೂಗ್ರಾಸ್ ತಂಡವನ್ನು ಅಭಿಮಾನಿಗಳು ಏಕೆ ಬಿಡುವುದಿಲ್ಲ?

ಅವರ ಒಲವು ಇರುವುದು ತಂಡದ ಒಟ್ಟು ನಾದದ ಮೇಲೆ. ಅದನ್ನು ಹಿಡಿದಿಟ್ಟವರು ಇರುವ ತನಕ ಅಭಿಮಾನವೂ ಉಳಿಯುತ್ತದೆ.

ಬ್ಲೂಗ್ರಾಸ್ ಅಮೆರಿಕದ ಹಳ್ಳಿಗಾಡಿನ ತಂತಿವಾದ್ಯಗಳ ಸಂಗೀತ. ಆ ಹೆಸರು ಬಂದದ್ದೇ ಬಿಲ್ ಮನ್ರೋ ಅವರ ‘ಬ್ಲೂ ಗ್ರಾಸ್ ಬಾಯ್ಸ್’ ತಂಡದಿಂದ. 1948ರಲ್ಲಿ ಗಾಯಕ ಲೆಸ್ಟರ್ ಫ್ಲ್ಯಾಟ್, ಬ್ಯಾಂಜೊ ವಾದಕ ಅರ್ಲ್ ಸ್ಕ್ರಗ್ಸ್ ಇಬ್ಬರೂ ಹೊರಟುಹೋದರು. ದೊಡ್ಡ ಪೆಟ್ಟೇ ಅದು. ಆದರೂ ತಂಡ ನಿಂತಿತು, ಏಕೆಂದರೆ ಈ ಸಂಗೀತದಲ್ಲಿ ಪ್ರತಿ ವಾದ್ಯಕ್ಕೂ ಗೊತ್ತಾದ ಕೆಲಸವಿದೆ. ಮ್ಯಾಂಡೊಲಿನ್ ನುಡಿಸುವವರು ತಂತಿಯನ್ನು ಮೀಟಿದ ಕ್ಷಣವೇ ಎಡಗೈ ಬೆರಳು ಸಡಿಲಿಸಿ ನಾದವನ್ನು ತುಂಡರಿಸುತ್ತಾರೆ. ಆ ‘ಚಕ್’ ಸದ್ದೇ ಲಯ ಕಾಯುತ್ತದೆ. ಬ್ಯಾಂಜೊ ಮೂರು ಬೆರಳುಗಳಲ್ಲಿ ಸ್ವರಗಳನ್ನು ಸುರಿಸುತ್ತದೆ. ಹೊಸಬರು ಇದನ್ನೆಲ್ಲ ಕಲಿತೇ ಬರುತ್ತಾರೆ.

ಮನ್ರೋ ಅವರ ಜೊತೆ ನೂರಕ್ಕೂ ಹೆಚ್ಚು ಕಲಾವಿದರು ನುಡಿಸಿ ಹೋದರು. ಮನ್ರೋ ಅವರ ಏರುಕಂಠವೂ ಮ್ಯಾಂಡೊಲಿನ್ನೂ ಮಾತ್ರ ಕೊನೆಯವರೆಗೂ ಅಲ್ಲೇ ಇದ್ದವು.