ಯುಪಿಎಸ್ ಕೂಗಿದಾಗ ಸರ್ವರ್ ನಿಲ್ಲಿಸುವುದು

ಪ್ರಶ್ನೆ: ನಮ್ಮ ಕಾಫಿ ತೋಟದ ಲೆಕ್ಕಪತ್ರವೆಲ್ಲ ಲಿನಕ್ಸ್ ಯಂತ್ರದಲ್ಲಿರುವ ಡೇಟಾಬೇಸ್ ತಂತ್ರಾಂಶವಾದ ಪೋಸ್ಟ್‌ಗ್ರೆಸ್‌ನಲ್ಲಿದೆ. ಮಳೆಗೆ ಕರೆಂಟು ಹೋಗಿ ಯುಪಿಎಸ್ ಕೂಗತೊಡಗಿದರೆ ಸರ್ವರನ್ನು ಹೇಗೆ ನಿಲ್ಲಿಸಬೇಕು?
– ಓದುಗರೊಬ್ಬರು, ವಿರಾಜಪೇಟೆ

ಉತ್ತರ: ಬ್ಯಾಟರಿ ಪೂರ್ತಿ ಇಳಿಯುವ ಮೊದಲೇ ‘ಪಿಜಿ_ಸಿಟಿಎಲ್ ಸ್ಟಾಪ್’ ಆಜ್ಞೆಯನ್ನು ಕೊಡಿ. ಪೋಸ್ಟ್‌ಗ್ರೆಸ್‌ನ 9.5ನೇ ಆವೃತ್ತಿಯಿಂದೀಚೆಗೆ ಅದು ತಾನಾಗಿಯೇ ‘ಫಾಸ್ಟ್’ ಕ್ರಮವನ್ನು ಹಿಡಿದು, ಅರ್ಧದಲ್ಲಿರುವ ವಹಿವಾಟುಗಳನ್ನು ರದ್ದುಮಾಡಿ, ಸಂಪರ್ಕಗಳನ್ನು ಕಡಿದು, ಮೆಮೊರಿಯಲ್ಲಿ ಉಳಿದ ಬದಲಾವಣೆಗಳನ್ನು ಡಿಸ್ಕಿಗೆ ಬರೆದ ಮೇಲಷ್ಟೇ ನಿಲ್ಲುತ್ತದೆ. ‘ಸ್ಮಾರ್ಟ್’ ಕ್ರಮವು ಎಲ್ಲ ಬಳಕೆದಾರರೂ ತಾವಾಗಿ ಹೊರಹೋಗುವವರೆಗೆ ಕಾಯುವುದರಿಂದ, ಯಾರಾದರೂ ಪರದೆ ತೆರೆದಿಟ್ಟು ಊಟಕ್ಕೆ ಹೋಗಿದ್ದರೆ ಯುಪಿಎಸ್ಸೇ ಮೊದಲು ಸೋಲುತ್ತದೆ. ಪ್ರೋಗ್ರಾಮನ್ನು ಬಲವಂತವಾಗಿ ಥಟ್ಟನೆ ಕೊನೆಗೊಳಿಸುವ ‘ಕಿಲ್ -9’ ಆಜ್ಞೆಯ ಗೊಡವೆ ಬೇಡ.

ಕರೆಂಟು ಬಂದ ಮೇಲೆ ‘ಪಿಜಿ_ಸಿಟಿಎಲ್ ಸ್ಟಾರ್ಟ್’ ಕೊಟ್ಟು, ಸಂಪರ್ಕಕ್ಕೆ ಸಿದ್ಧವೆಂಬ ಸಾಲು ಸರ್ವರಿನ ಘಟನಾ ದಾಖಲೆಯಾದ ಲಾಗ್‌ನಲ್ಲಿ ಮೂಡಿದೆಯೇ ಎಂದು ನೋಡಿದ ನಂತರವೇ ಲೆಕ್ಕದ ತಂತ್ರಾಂಶವನ್ನು ತೆರೆಯಿರಿ.